ಹಾಫ್ ಪ್ಲೇಟಿಗೆ ತಕ್ಕ ಎನ್‌ಲಾರ್ಜರ್

1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ಫೋಟೋಗಳು ವಿಜಯನಗರದ ಚರಿತ್ರೆ ಓದುವವರಿಗೆ ಪರಿಚಿತ. ವಿಠ್ಠಲ ದೇವಾಲಯದ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇನ್ನೂ ನಿಂತಿರುವ ಚಿತ್ರ ಅವುಗಳಲ್ಲಿ ಹೆಚ್ಚು ಹೆಸರಾದದ್ದು. ಆ ಗೋಪುರದ ಬಗ್ಗೆ ಬೇಕಾದಷ್ಟು ಮಾತು ನಡೆದಿದೆ. ನನ್ನ ಗಮನ ಹೋದದ್ದು ನೆಗೆಟಿವಿನ ಅಳತೆಯ ಕಡೆಗೆ. ಗ್ರೀನ್‌ಲಾನ ನೆಗೆಟಿವ್‌ಗಳು ಮೇಣ ಹೀರಿಸಿದ ಕಾಗದದವು, ಒಂದೊಂದೂ ಸುಮಾರು 16 ಅಂಗುಲಕ್ಕೆ 18 ಅಂಗುಲ. ಅಷ್ಟು ದೊಡ್ಡ ಹಾಳೆ ಹಿಡಿಸುವ ಕ್ಯಾಮೆರಾವನ್ನು ಹಂಪಿಯ ಬಂಡೆಗಳ ನಡುವೆ ಹೊರಿಸಿಕೊಂಡು ತಿರುಗಬೇಕಾದ ದರ್ದು ಏನಿತ್ತು?

ದರ್ದು ಇತ್ತು. ಆಗ ಫೋಟೋ ದೊಡ್ಡದಾಗಬೇಕಾದರೆ ನೆಗೆಟಿವೇ ದೊಡ್ಡದಿರಬೇಕಿತ್ತು. ಬೆಳ್ಳಿಯ ಲವಣ ಸವರಿದ ಕಾಗದಕ್ಕೆ ನೆಗೆಟಿವನ್ನು ಒತ್ತಿ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಟ್ಟರೆ ಅಷ್ಟೇ ಅಳತೆಯ ಪ್ರಿಂಟು ಮೂಡುತ್ತಿತ್ತು. ಇದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಎಂದು ಹೆಸರು. ಹಿಗ್ಗಿಸುವ ಪ್ರಯೋಗಗಳನ್ನು ಕೆಲವರು ಅದಕ್ಕೂ ಮೊದಲೇ ಮಾಡಿದ್ದರೂ ಅದು ಕಸುಬಾಗಿರಲಿಲ್ಲ. ಕಸುಬಾಗುವ ಕಡೆಗೆ ದೊಡ್ಡ ಹೆಜ್ಜೆ ಬಿದ್ದದ್ದು ಗ್ರೀನ್‌ಲಾ ಹಂಪಿಯಲ್ಲಿ ಕೆಲಸ ಮಾಡಿದ ಮರುವರ್ಷ. 1857ರಲ್ಲಿ ಅಮೆರಿಕದ ಬಾಲ್ಟಿಮೋರಿನ ಚಿತ್ರಕಾರ ಡೇವಿಡ್ ಅಚೆಸನ್ ವುಡ್‌ವರ್ಡ್ ‘ಸೋಲಾರ್ ಕ್ಯಾಮೆರಾ’ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದ. ಕನ್ನಡಿಯೊಂದು ಬಿಸಿಲನ್ನು ಹಿಡಿದು ದಪ್ಪ ಉಬ್ಬುಗಾಜಿನ ಮೇಲೆ ಹಾಯಿಸುತ್ತಿತ್ತು. ಉಬ್ಬುಗಾಜು ಆ ಬೆಳಕನ್ನು ಒಟ್ಟುಮಾಡಿ ನೆಗೆಟಿವಿನ ಮೂಲಕ ದಾಟಿಸುತ್ತಿತ್ತು. ಆಚೆ ಬದಿಯ ಲೆನ್ಸು ಚಿತ್ರವನ್ನು ಕಾಗದ ಅಥವಾ ಕ್ಯಾನ್‌ವಾಸಿನ ಮೇಲೆ ಹಿಗ್ಗಿಸಿ ಚೆಲ್ಲುತ್ತಿತ್ತು. ಸೂರ್ಯ ಸರಿದಂತೆಲ್ಲ ಯಂತ್ರವನ್ನೋ ಕನ್ನಡಿಯನ್ನೋ ತಿರುಗಿಸುತ್ತಿರಬೇಕು. ಒಂದು ಪ್ರಿಂಟಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಹೀಗೆ ಮೂಡಿದ ಆಳೆತ್ತರದ ಮಸುಕು ಮುಖಗಳ ಮೇಲೆ ಚಿತ್ರಕಾರರು ಬಣ್ಣ ಬಳಿದು ತೈಲಚಿತ್ರವೆಂದು ಕೊಡುತ್ತಿದ್ದರು. ಫೋಟೋವನ್ನು ದೊಡ್ಡದು ಮಾಡುವುದು, ಅದನ್ನು ತಿದ್ದುವುದು, ಎರಡೂ ಮೊದಲಿನಿಂದಲೇ ಜೋಡಿಯಾಗಿ ಬಂದವು ಅನ್ನುವುದನ್ನು ಇಲ್ಲಿ ಗುರುತು ಹಾಕಿಕೊಂಡು ಮುಂದೆ ಹೋಗುತ್ತೇನೆ.

ಮುಂದಿನ ಎಪ್ಪತ್ತು ವರ್ಷಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಬೆಳಕಿಗೆ ಚುರುಕಾಗಿ ಸ್ಪಂದಿಸುವ ಬ್ರೋಮೈಡ್ ಪೇಪರ್ 1880ರ ದಶಕದಿಂದ ಬಳಕೆಗೆ ಬಂತು, ಸೂರ್ಯನ ಹಂಗು ತಪ್ಪಿತು. ದೀಪದ ಬೆಳಕಲ್ಲಿ ಕೆಲವೇ ನಿಮಿಷಗಳಲ್ಲಿ, ಆಮೇಲೆ ಸೆಕೆಂಡುಗಳಲ್ಲಿ, ಪ್ರಿಂಟು ಹಾಕಬಹುದಾಯಿತು. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಎನ್‌ಲಾರ್ಜರ್ ಇಲ್ಲದೆ ಫೋಟೋವೇ ಇಲ್ಲವೆಂಬ ಸ್ಥಿತಿ ಬಂತು. 24ಕ್ಕೆ 36 ಮಿಲಿಮೀಟರಿನ ನೆಗೆಟಿವಿನ ಕಾಂಟ್ಯಾಕ್ಟ್ ಪ್ರಿಂಟನ್ನು ಯಾರು ಗೋಡೆಗೆ ತೂಗುಹಾಕುತ್ತಾರೆ? ದೊಡ್ಡ ನೆಗೆಟಿವಿನವರಿಗೂ ಯಂತ್ರಗಳು ಬಂದವು. ನ್ಯೂಯಾರ್ಕಿನ ಸಿಮನ್ ಬ್ರದರ್ಸ್ ಅವರ ಒಮೆಗಾ, ಇಂಗ್ಲೆಂಡಿನ ಡಿ ವಿಯರ್, ಇಟಲಿಯ ಉತ್ತರ ತುದಿಯ ಬ್ರಿಕ್ಸೆನ್ ಊರಿನಲ್ಲಿ 1936ರಲ್ಲಿ ಅಣ್ಣತಮ್ಮಂದಿರಿಬ್ಬರು ಶುರುಮಾಡಿದ ಡರ್ಸ್ಟ್. ಡರ್ಸ್ಟ್ ಕಂಪನಿ ಈಗಲೂ ಇದೆ, ಆದರೆ ಮಾಡುವುದು ಡಿಜಿಟಲ್ ಮುದ್ರಣ ಯಂತ್ರಗಳನ್ನು. ಆದ್ದರಿಂದ ಇವತ್ತು ದೊಡ್ಡ ನೆಗೆಟಿವಿನ ಎನ್‌ಲಾರ್ಜರ್ ಬೇಕೆಂದರೆ ಹೆಚ್ಚುಕಡಿಮೆ ಸೆಕೆಂಡ್‌ಹ್ಯಾಂಡೇ ಗತಿ.

ನನಗೆ ಬೇಕಾಗಿತ್ತು. ಸಣ್ಣ ಊರುಗಳ ಸ್ಟುಡಿಯೋ ಫೋಟೋಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ತುಂಗಭದ್ರೆಯ ದಂಡೆಯ ಒಂದು ತಾಲ್ಲೂಕು ಪಟ್ಟಣದಲ್ಲಿ, ಈಗ ಝೆರಾಕ್ಸ್ ಅಂಗಡಿಯಾಗಿರುವ ಹಳೆಯ ಸ್ಟುಡಿಯೋ ಒಂದರ ಅಟ್ಟದ ಮೇಲೆ ನಾಲ್ಕು ಮರದ ಪೆಟ್ಟಿಗೆಗಳ ತುಂಬ ಗಾಜಿನ ನೆಗೆಟಿವ್‌ಗಳು ಸಿಕ್ಕಿದ್ದವು. ಎಲ್ಲವೂ ಹಾಫ್ ಪ್ಲೇಟ್. ಅಂದರೆ ನಾಲ್ಕೂಮುಕ್ಕಾಲು ಅಂಗುಲಕ್ಕೆ ಆರೂವರೆ ಅಂಗುಲ. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಈ ಅಳತೆಯದೇ ಆಳ್ವಿಕೆ. ತಲೆಯ ಮೇಲೆ ಕರಿಬಟ್ಟೆ ಹೊದ್ದು, ಲೆನ್ಸಿನ ಟೋಪಿ ತೆಗೆದು ಎಣಿಸಿ ಮತ್ತೆ ಮುಚ್ಚುವ ಆ ಮರದ ಕ್ಯಾಮೆರಾಗಳು ವಿಲಾಯತಿಯಿಂದ ಬಂದವಷ್ಟೇ ಅಲ್ಲ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಿಂದ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾಗಳು ದೇಶದ ಉದ್ದಗಲಕ್ಕೂ ಹೋಗಿದ್ದವು.

ಪೆಟ್ಟಿಗೆಗಳನ್ನು ಇಳಿಸಿಕೊಟ್ಟ ಅಂಗಡಿಯವರು ತಾತನ ಸ್ಟುಡಿಯೋ ಬಗ್ಗೆ ಹೇಳುತ್ತ ಹೇಳುತ್ತ ಸಹಜವಾಗಿ ಒಂದು ಮಾತು ಅಂದರು: “ಇವು ಉಳಿದಿದ್ದು ಮೇಡಂ. ಇನ್ನೂ ಭಾಳ ಇದ್ವು. ನಮ್ಮಪ್ಪ ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ ಕೆರೆದುಬಿಡ್ತಿದ್ದ. ಗಾಜು ಸ್ವಚ್ಛ ಆಗ್ತಿತ್ತು, ದೇವರ ಫೋಟೋಕ್ಕ ಫ್ರೇಮ್ ಹಾಕೋಕೆ ಬರ್ತಿತ್ತು.” ಅವರು ಹೀಗೆ ಹೇಳುವಾಗ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಲಕ್ಷ್ಮಿ, ವೆಂಕಟರಮಣ, ಹುಲಿಗೆಮ್ಮರ ಪುಟ್ಟ ಪುಟ್ಟ ಫ್ರೇಮುಗಳನ್ನು ನಾನು ನೋಡುತ್ತಿದ್ದೆ. ಎಲ್ಲವೂ ಹಾಫ್ ಪ್ಲೇಟಿನ ಅಳತೆಯವೇ. ಆ ಗಾಜುಗಳಲ್ಲಿ ಒಮ್ಮೆ ಯಾರ ಮದುವೆ ಇತ್ತೋ, ಯಾರ ಮಗುವಿತ್ತೋ.

ಸ್ಕ್ಯಾನ್ ಮಾಡಿದರೆ ಸಾಲದೇ ಎಂದು ಎಲ್ಲರೂ ಕೇಳುತ್ತಾರೆ, ನನ್ನ ಮಾರ್ಗದರ್ಶಕರೂ ಕೇಳಿದರು. ಸ್ಕ್ಯಾನ್ ಮಾಡಿಯೇ ಇದ್ದೇವೆ. ಮೊದಲ ಕೆಲಸ ಅದೇ. ಗಾಜಿನಿಂದ ಮಸಿಯ ಪದರ ಏಳುತ್ತಿರುವ ಪ್ಲೇಟುಗಳನ್ನು ಯಾವ ಯಂತ್ರಕ್ಕೂ ಹಾಕಬಾರದು, ದೀಪದ ಬಿಸಿಗೆ ಅವು ಹಪ್ಪಳದಂತೆ ಏಳುತ್ತವೆ. ಆದರೆ ಸ್ಕ್ಯಾನರ್ ಪ್ಲೇಟಿನಲ್ಲಿ ಏನಿದೆ ಎಂದು ಹೇಳುತ್ತದೆಯೇ ಹೊರತು ಸ್ಟುಡಿಯೋದವನು ಅದರಲ್ಲಿ ಏನನ್ನು ಜನಕ್ಕೆ ಕೊಟ್ಟ, ಏನನ್ನು ಬಿಟ್ಟ ಎಂದು ಹೇಳುವುದಿಲ್ಲ. ಆ ತೀರ್ಮಾನ ನಡೆಯುತ್ತಿದ್ದದ್ದು ಕತ್ತಲೆಕೋಣೆಯಲ್ಲಿ, ಎನ್‌ಲಾರ್ಜರಿನ ಕೆಳಗೆ. ಅಲ್ಲಿ ಕೈ ಹೇಗೆ ಆಡುತ್ತಿತ್ತು ಎಂದು ತಿಳಿಯದೆ ಸ್ಟುಡಿಯೋದ ಚರಿತ್ರೆ ಬರೆಯುವುದು ಅಡುಗೆಮನೆ ನೋಡದೆ ಊಟದ ಬಗ್ಗೆ ಬರೆದಂತೆ ಎಂದು ನನ್ನ ಅಭಿಪ್ರಾಯ.

ಹುಡುಕಾಟದಲ್ಲಿ ಕೊನೆಗೆ ಕೈಗೆಟಕುವ ಬೆಲೆಯಲ್ಲಿ ಎರಡು ಯಂತ್ರಗಳು ಉಳಿದವು. ಒಂದು ಬೆಂಗಳೂರಿನ ಹವ್ಯಾಸಿಯೊಬ್ಬರ ಒಮೆಗಾ ಡಿ2. ಚೊಕ್ಕ ಇಟ್ಟುಕೊಂಡಿದ್ದರು. ಇಳಿಜಾರಾಗಿ ನಿಂತ ಉಕ್ಕಿನ ತೊಲೆಗಳು ಅಲುಗಾಡುತ್ತಿರಲಿಲ್ಲ, ಬೆಲ್ಲೋಸಿನಲ್ಲಿ ಒಂದೂ ತೂತಿರಲಿಲ್ಲ, ಜೊತೆಗೆ 150 ಮಿಲಿಮೀಟರಿನ ಒಳ್ಳೆಯ ಲೆನ್ಸು. ಇನ್ನೊಂದು ಅದೇ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ರದ್ದಿ ಪೇಪರಿನ ಕಟ್ಟುಗಳ ಹಿಂದೆ ನಿಂತಿತ್ತು. ಕಂಪನಿಯ ಹೆಸರಿಲ್ಲ. ತಾತ ಯಾರೋ ಬಡಗಿ ಮತ್ತು ಕಮ್ಮಾರರಿಂದ ಮಾಡಿಸಿದ್ದಂತೆ. ತೇಗದ ದೀಪದ ಪೆಟ್ಟಿಗೆ, ಕಬ್ಬಿಣದ ಕಂಬ, ಯಾವುದೋ ಹಳೆಯ ಕ್ಯಾಮೆರಾದಿಂದ ಕಳಚಿ ಹಾಕಿದ ಕೆಂಪು ಬೆಲ್ಲೋಸು, ಒಳಗೆ ಎರಡು ದಪ್ಪ ಉಬ್ಬುಗಾಜು. ಲೆನ್ಸು ಇರಲಿಲ್ಲ. “ಗುಜರಿಯವ್ನು ಕಿಲೋ ಲೆಕ್ಕದಾಗ ಕೇಳ್ಯಾನ ಮೇಡಂ, ಕಬ್ಬಿಣಕ್ಕಷ್ಟೇ ರೊಕ್ಕ, ಕಟ್ಟಿಗಿ ಒಲಿಗೆ ಅಂದ” ಎಂದರು ಅಂಗಡಿಯವರು.

ಎನ್‌ಲಾರ್ಜರ್ ಕೊಳ್ಳುವ ಬಗ್ಗೆ ಬರೆದ ಯಾವ ಪುಸ್ತಕ ತೆರೆದರೂ ಒಮೆಗಾ ತೆಗೆದುಕೊಳ್ಳಿ ಎನ್ನುತ್ತದೆ. ಒಳ್ಳೆಯ ಪ್ರಿಂಟು ಬೇಕಾದವರಿಗೆ ಅದು ಸರಿಯಾದ ಸಲಹೆಯೇ. ಆದರೆ ಡಿ2 ಹಿಡಿಸುವುದು 4ಕ್ಕೆ 5 ಅಂಗುಲದ ನೆಗೆಟಿವನ್ನು. ಹಾಫ್ ಪ್ಲೇಟ್ ಅದರ ಬಾಯಿಗೆ ಹೋಗುವುದೇ ಇಲ್ಲ; ಹೇಗೋ ಹೊಂದಿಸಿದರೂ ಚಿತ್ರದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಹೊರಗುಳಿಯುತ್ತದೆ. (ಡರ್ಸ್ಟಿನ ಲ್ಯಾಬರೇಟರ್ 138 ಆಗಿದ್ದರೆ 13ಕ್ಕೆ 18 ಸೆಂಟಿಮೀಟರ್ ತನಕ ಹಿಡಿಸುತ್ತದೆ, ಹಾಫ್ ಪ್ಲೇಟ್ ಸಲೀಸು. ಅದರ ಬೆಲೆ ಫೆಲೋಶಿಪ್ಪಿನವರ ಮಾತಲ್ಲ.)

ಹೊರಗುಳಿಯುವ ಆ ಮೂರನೇ ಒಂದು ಭಾಗದಲ್ಲಿ ಏನಿರುತ್ತದೆ? ಅಂಚು. ಸ್ಟುಡಿಯೋದವನು ಗಿರಾಕಿಗೆ ಕೊಡುತ್ತಿದ್ದದ್ದು ನಡುವಿನ ಭಾಗವನ್ನು ಮಾತ್ರ. ಅಲ್ಲಿ ರಾಜಸ್ಥಾನದ ಅರಮನೆಯೋ ಕಾಶ್ಮೀರದ ಸರೋವರವೋ ಬರೆದ ಪರದೆಯ ಮುಂದೆ ದಂಪತಿ ಕೂತಿರುತ್ತಾರೆ. ಅಂಚಿನಲ್ಲಿ ಪರದೆ ಮುಗಿಯುತ್ತದೆ, ಸುಣ್ಣ ಉದುರಿದ ಗೋಡೆ ಕಾಣುತ್ತದೆ, ಮೊಳೆಗೆ ಸಿಕ್ಕಿಸಿದ ಯಾರದೋ ರುಮಾಲು ಕಾಣುತ್ತದೆ. ಮಗುವಿನ ಫೋಟೋಗಳಲ್ಲಂತೂ ಅಂಚಿನಿಂದ ಒಂದು ಕೈ ಬಂದು ಮಗುವಿನ ಬೆನ್ನಿಗೆ ಆಸರೆಯಾಗಿರುತ್ತದೆ, ಬಳೆ ತೊಟ್ಟ ಕೈ. ತಾಯಿಯದೋ, ಅಜ್ಜಿಯದೋ. ಪ್ರಿಂಟಿನಲ್ಲಿ ಆ ಕೈ ಇರುವುದಿಲ್ಲ. ಮಗು ತಾನೇ ಕೂತಂತೆ ಇರುತ್ತದೆ. ನಾನು ಹುಡುಕುತ್ತಿರುವ ಚರಿತ್ರೆಯ ಮುಖ್ಯ ಭಾಗ ಆ ಅಂಚಿನಲ್ಲೇ ಇದೆ. ಹೀಗಿರುವಾಗ ಅಂಚು ಕತ್ತರಿಸುವ ಯಂತ್ರ ಎಷ್ಟು ಚೊಕ್ಕ ಇದ್ದರೇನು?

ಇನ್ನು ಬೆಳಕಿನ ವಿಚಾರ. ಎನ್‌ಲಾರ್ಜರಿನ ದೀಪದ ಪೆಟ್ಟಿಗೆಯಲ್ಲಿ ಮುಖ್ಯವಾಗಿ ಎರಡು ಜಾತಿ. ಉಬ್ಬುಗಾಜುಗಳು ಬೆಳಕನ್ನು ಒಂದೇ ದಿಕ್ಕಿಗೆ ಕಟ್ಟಿ ಕಳಿಸುವುದು ಒಂದು, ಇದು ಕಂಡೆನ್ಸರ್; ಹಾಲುಬಣ್ಣದ ಗಾಜಿನ ಮೂಲಕ ಬೆಳಕನ್ನು ಎಲ್ಲ ಕಡೆಗೂ ಚೆದುರಿಸಿ ಮೆತ್ತಗೆ ಬಿಡುವುದು ಇನ್ನೊಂದು. ಕಟ್ಟಿದ ಬೆಳಕು ನೆಗೆಟಿವಿನ ಬೆಳ್ಳಿಯ ಕಣಗಳಿಗೆ ಬಡಿದು ಚದುರುತ್ತದೆ. ಬೆಳ್ಳಿ ದಟ್ಟವಾಗಿರುವಲ್ಲಿ ಹೆಚ್ಚು ಚದುರಿ ಕಳೆದುಹೋಗುವುದರಿಂದ ಪ್ರಿಂಟಿನಲ್ಲಿ ಕಪ್ಪುಬಿಳುಪಿನ ಅಂತರ ಜಾಸ್ತಿಯಾಗುತ್ತದೆ. ಇದನ್ನು 1909ರಲ್ಲಿ ವಿವರಿಸಿದ ಬೆಲ್ಜಿಯಮ್ಮಿನ ಆಂದ್ರೆ ಕಾಲಿಯೆ ಹೆಸರಿನಲ್ಲೇ ಈ ಪರಿಣಾಮ ಗುರುತಾಗಿದೆ. ಈ ಅಂತರವನ್ನು ಮಲ್ಟಿಗ್ರೇಡ್ ಪೇಪರಿನಲ್ಲಿ ಫಿಲ್ಟರ್ ಬದಲಿಸಿ ಸರಿದೂಗಿಸಬಹುದು. ಸರಿದೂಗಿಸಲಾಗದ್ದು ಇನ್ನೊಂದಿದೆ: ಕಂಡೆನ್ಸರಿನ ಬೆಳಕಿನಲ್ಲಿ ನೆಗೆಟಿವಿನ ಮೇಲಿನ ಧೂಳು, ಗೀರು, ಪೆನ್ಸಿಲ್ ಗೆರೆ ಎಲ್ಲವೂ ಚಾಡಿ ಹೇಳಿದಂತೆ ಎದ್ದು ಕಾಣುತ್ತವೆ.

ಪೆನ್ಸಿಲ್ ಗೆರೆ ಎಲ್ಲಿಂದ ಬಂತು ಎಂದು ಈ ತಲೆಮಾರಿನವರಿಗೆ ಹೇಳಬೇಕಾಗುತ್ತದೆ. ಆ ಸ್ಟುಡಿಯೋದಲ್ಲಿ ಹುಡುಗನಾಗಿದ್ದಾಗ ಸೇರಿಕೊಂಡು ಟಚಿಂಗ್ ಕೆಲಸ ಕಲಿತವರು ಈಗ ಎಂಬತ್ತು ದಾಟಿದ್ದಾರೆ, ಅದೇ ಊರಿನಲ್ಲಿದ್ದಾರೆ. ಗಾಜಿನ ಪ್ಲೇಟನ್ನು ಇಳಿಜಾರು ಮೇಜಿನ ಕಿಂಡಿಗೆ ಇಟ್ಟು, ಕೆಳಗಿನ ಕನ್ನಡಿಯಿಂದ ಕಿಟಕಿಯ ಬೆಳಕು ಹಾಯಿಸಿ, ಸ್ಯಾಂಡ್‌ಪೇಪರಿನ ಮೇಲೆ ಸೂಜಿಯಂತೆ ಮಸೆದ ಗಟ್ಟಿ ಪೆನ್ಸಿಲಿನಿಂದ ಮುಖದ ಮೇಲೆ ಚುಕ್ಕಿ, ಅಲ್ಪವಿರಾಮದಂಥ ಗೆರೆ ಹಾಕುತ್ತ ಹೋಗುವುದು. ನೆಗೆಟಿವಿನಲ್ಲಿ ಸುಕ್ಕು, ಸಿಡುಬಿನ ಕಲೆ ಎಲ್ಲ ತೆಳುವಾಗಿ ಕಾಣುತ್ತವೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತವೆ, ಮಾಯವಾಗುತ್ತವೆ. ಇಡೀ ಮುಖವೇ ತಿಳಿಯಾಗಬೇಕಾದರೆ ಗಾಜಿಗೆ ತೆಳುವಾಗಿ ಕೆಂಪು ಬಣ್ಣ ಸವರುವುದು. “ಹೆಣ್ಣು ತೋರಿಸೋ ಫೋಟೋ ಬಂದ್ರ ಕೆಂಪು ಕುಡಿಕಿ ತೆಗಿಯೋದೇ ನೋಡವ್ವಾ. ಹೊಲದಾಗ ದುಡಿದ ಹುಡುಗಿ ನೆಳ್ಳಾಗ ಬೆಳೆದೋಳು ಆಗಿಬಿಡೋಳು” ಎಂದು ಅವರು ನಕ್ಕರು. ನಗು ನಿಲ್ಲಿಸಿ, “ಗಂಡಿನ ಕಡೆಯೋರು ಮದುವಿ ದಿನ ನೋಡಿ ನಮಗ ಬೈತಿದ್ರು” ಎಂದರು.

ಪೆನ್ಸಿಲ್ ಗೆರೆ ಮುಚ್ಚಬೇಕಾದ ಸ್ಟುಡಿಯೋದವನಿಗೆ ಚೆದುರಿದ ಬೆಳಕೇ ಹಿತ. ಹಾಗಾದರೆ ಈ ತಾತ ಕಂಡೆನ್ಸರ್ ಯಾಕೆ ಮಾಡಿಸಿಕೊಂಡ? ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿದಾಗ ಉತ್ತರ ಸಿಕ್ಕಿತು. ಉಬ್ಬುಗಾಜಿನ ಕೆಳಗೆ, ನೆಗೆಟಿವಿನ ಮೇಲೆ, ಒಂದು ಮರದ ಜಾಡು ಕೊರೆದಿತ್ತು. ಆ ಜಾಡಿಗೆ ಸರಿಯಾಗಿ ಕೂರುವ, ಒಂದು ಮೂಲೆ ಮುರಿದ ಹಾಲುಗಾಜು ಪೆಟ್ಟಿಗೆಯ ತಳದಲ್ಲಿ ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿಟ್ಟಿತ್ತು. ಗಾಜು ಹಾಕಿದರೆ ಮೆತ್ತನೆ ಬೆಳಕು, ತೆಗೆದರೆ ಖಾರ ಬೆಳಕು. ಯಾವ ಮುಖಕ್ಕೆ ಯಾವುದು ಎಂದು ಅವನು ಆರಿಸುತ್ತಿದ್ದನೆಂದು ಕಾಣುತ್ತದೆ. ನನಗಂತೂ ಎರಡೂ ಬೇಕು. ಗಾಜು ಹಾಕಿ ತೆಗೆದ ಪ್ರಿಂಟಿನಲ್ಲಿ ಗಿರಾಕಿ ಕಂಡ ಮುಖ ಬರುತ್ತದೆ. ಗಾಜು ತೆಗೆದು ಹಾಕಿದ ಪ್ರಿಂಟಿನಲ್ಲಿ ಟಚಿಂಗ್ ಮಾಡಿದವನ ಕೈ ಬರುತ್ತದೆ. ಕೊಳ್ಳುವವರ ಪುಸ್ತಕದಲ್ಲಿ ಎರಡನೆಯದು ದೋಷ.

ಇಷ್ಟಾದರೂ ಯಂತ್ರ ಯಂತ್ರವೇ, ಅದರ ಕೆಲಸ ಅದು ಮಾಡಬೇಕು. ಗುಜರಿಯವನು ಹೇಳಿದ್ದರ ಎರಡರಷ್ಟು ಕೊಡುವ ಮುಂಚೆ ನೋಡಿದ್ದನ್ನು ಹೇಳುತ್ತೇನೆ, ಯಾರಾದರೂ ಇಂಥದೊಂದರ ಮುಂದೆ ನಿಂತಾಗ ಉಪಯೋಗಕ್ಕೆ ಬಂದೀತು. ಕೋಣೆ ಕತ್ತಲು ಮಾಡಿ ಬೆಲ್ಲೋಸಿನೊಳಗೆ ಟಾರ್ಚ್ ಹಾಕಿದೆ. ಮಡಿಕೆಗಳ ಮೂಲೆಯಲ್ಲಿ ಏಳೆಂಟು ನಕ್ಷತ್ರ ಕಂಡವು. ಕಪ್ಪು ಬಟ್ಟೆ, ಅಂಟು ಸಾಕು. ಉಬ್ಬುಗಾಜಿನಲ್ಲಿ ಬಿರುಕಿಲ್ಲ, ಅಂಚು ಚಕ್ಕೆ ಎದ್ದಿದೆ, ಅದು ಚಿತ್ರಕ್ಕೆ ತಾಗುವುದಿಲ್ಲ. ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ಮುಟ್ಟಬಾರದು, ಪ್ಲಗ್ಗಿಗೆ ಹಾಕಲೇಬಾರದು. ಅವನ್ನು ಪೂರ್ತಿ ಕಿತ್ತು, ಅರ್ತಿಂಗ್ ಕೊಟ್ಟು, ಒಳಗೆ ಎಲ್‌ಇಡಿ ಬಲ್ಬು ಹಾಕಿಸಿದೆವು. ಬಿಸಿ ಕಡಿಮೆ, ಪ್ಲೇಟಿಗೂ ಕ್ಷೇಮ. ಕಂಬದ ತಲೆಯನ್ನು ಬೆರಳಿನಿಂದ ತಟ್ಟಿ, ಕೆಳಗೆ ಬಿದ್ದ ಚಿತ್ರ ಎಷ್ಟು ಹೊತ್ತು ನಡುಗುತ್ತದೆ ಎಂದು ಎಣಿಸಬೇಕು. ಇದು ಬಹಳ ಹೊತ್ತು ನಡುಗಿತು. ತುದಿಯನ್ನು ಗೋಡೆಗೆ ಬಿಗಿದ ಮೇಲೆ ಸುಮ್ಮನಾಯಿತು.

ಲೆನ್ಸಿನ ಲೆಕ್ಕ ಸುಲಭ. ನೆಗೆಟಿವಿನ ಕರ್ಣದಷ್ಟಾದರೂ ಫೋಕಲ್ ಉದ್ದ ಇರಬೇಕು. ಹಾಫ್ ಪ್ಲೇಟಿನ ಕರ್ಣ ಸುಮಾರು 204 ಮಿಲಿಮೀಟರ್, ಆದ್ದರಿಂದ 210ರ ಲೆನ್ಸು. 150ರದು ಹಾಕಿದರೆ ಮೂಲೆಗಳು ಕತ್ತಲಾಗುತ್ತವೆ. ಹಳೆಯದೊಂದು ಷ್ನೈಡರ್ ಕಾಂಪೊನಾನ್ ಸಿಕ್ಕಿತು, ಅಂಚಿನಲ್ಲಿ ಜೇಡರ ಬಲೆಯಂಥ ಫಂಗಸ್ಸಿನ ಎಳೆಗಳಿದ್ದವು. ನಮ್ಮ ಮಳೆಗಾಲ ಕಂಡ ಹಳೆಯ ಲೆನ್ಸುಗಳಲ್ಲಿ ಅದು ಸಾಮಾನ್ಯ. ಅಂಚಿನಲ್ಲಿದ್ದರೆ ದ್ಯುತಿರಂಧ್ರ ಕಿರಿದು ಮಾಡಿದಾಗ ಲೆಕ್ಕಕ್ಕಿಲ್ಲ. ನಡುವಿಗೆ ಹರಡಿ ಮಂಜು ಕವಿದಂತಿದ್ದರೆ ಬಿಟ್ಟುಬಿಡಬೇಕು, ಎಷ್ಟೇ ಅಗ್ಗವಾಗಲಿ. ನೆಗೆಟಿವಿಲ್ಲದೆ ಬರೀ ಬೆಳಕು ಹಾಯಿಸಿ ಬೂದುಬಣ್ಣದ ಪ್ರಿಂಟೊಂದನ್ನು ತೆಗೆದರೆ ನಡುವೆಗೂ ಮೂಲೆಗೂ ಎಷ್ಟು ಅಂತರವಿದೆ ಎಂದು ತಿಳಿಯುತ್ತದೆ. ನಮ್ಮದರಲ್ಲಿ ಮೂಲೆಗಳು ಕೊಂಚ ತಿಳಿ. ಮುದುಕರಿಗೆ ತೋರಿಸಿದರೆ, “ಅದಕ್ಕ ನಾವು ಮೂಲಿಗೆ ಕೈ ಅಡ್ಡ ಹಿಡೀತಿರ್ಲಿಲ್ಲ, ನಡುವ ಹಿಡೀತಿದ್ವಿ” ಎಂದರು. ಪ್ರಿಂಟಿನ ನಡುಭಾಗದ ಮೇಲೆ ಕೆಲವು ಸೆಕೆಂಡು ಅಂಗೈ ಆಡಿಸಿ ಬೆಳಕು ತಡೆಯುವುದು. ಅವರು ಗಾಳಿಯಲ್ಲಿ ಮಾಡಿ ತೋರಿಸಿದ ಆ ಸನ್ನೆಯನ್ನು ಯಾವ ದಾಖಲೆಯಲ್ಲೂ ಹುಡುಕಿ ತೆಗೆಯಲಾರೆ. ಕೈ ಹಿಡಿದು ಕಲಿಸಿದರು.

ಹೆಚ್ಚು ಕಾಡಿದ್ದು ಸಮಾನಾಂತರ. ನೆಗೆಟಿವ್, ಲೆನ್ಸು, ಕಾಗದ ಇಡುವ ಹಲಗೆ ಮೂರೂ ಒಂದಕ್ಕೊಂದು ಸಮವಾಗಿರಬೇಕು. ಇಲ್ಲದಿದ್ದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಮಸಿ ಬಳಿದ ಗಾಜಿನ ಮೇಲೆ ಆಯತವೊಂದನ್ನು ಕೊರೆದು ಚೆಲ್ಲಿ, ಹಲಗೆಯ ಮೇಲೆ ಎದುರುಬದುರಿನ ಬದಿಗಳನ್ನೂ ಎರಡು ಕರ್ಣಗಳನ್ನೂ ಅಳೆಯಬೇಕು. ಕರ್ಣ ಮಾತ್ರ ಅಳೆದರೆ ಸಾಲದು. ಒಂದು ಬದಿ ಮೊರದಂತೆ ಅಗಲವಾದರೂ ಕರ್ಣಗಳು ಸಮವೇ ಇರುತ್ತವೆ. ಆಮೇಲೆ ನಾಲ್ಕೂ ಮೂಲೆಯ ಫೋಕಸ್ ನೋಡಿದರೆ ಲೆನ್ಸಿನ ಓರೆ ತಿಳಿಯುತ್ತದೆ. ಕಾರ್ಖಾನೆಯ ಯಂತ್ರಕ್ಕೆ ತಿರುಪುಗಳಿರುತ್ತವೆ. ಇದಕ್ಕಿರುವುದು ತೇಗದ ಬೆಣೆ, ಮತ್ತು ಬೆಣೆಯ ಕೆಳಗೆ ತಾತ ಇಟ್ಟಿದ್ದ ಮಡಿಚಿದ ಕಾಗದ. ಬಿಡಿಸಿ ನೋಡಿದರೆ ಅವು ಸಿನಿಮಾ ಟಿಕೆಟ್ಟುಗಳು.

ಯಂತ್ರ ಈಗ ನಮ್ಮ ವಿಭಾಗದ ಹಳೆಯ ಸ್ಟೋರ್ ರೂಮಿನಲ್ಲಿದೆ. ಇಲ್ಲಿಯತನಕ ಮೂವತ್ತೊಂದು ಪ್ಲೇಟುಗಳಿಗೆ ಎರಡೆರಡು ಪ್ರಿಂಟು ಹಾಕಿದ್ದೇವೆ, ಅಂಚು ಸಮೇತ. ಬಳೆ ತೊಟ್ಟ ಕೈಗಳು ಆರು ಸಿಕ್ಕಿವೆ, ಅವುಗಳಲ್ಲಿ ಎರಡು ಒಬ್ಬರದೇ ಇರಬೇಕು, ಬಳೆಗಳ ಜೋಡಣೆ ಒಂದೇ ತರ ಇದೆ. ಪೇಪರು ದುಬಾರಿ, ಆದ್ದರಿಂದ ತಿಂಗಳಿಗೆ ಎಂಟು ಪ್ಲೇಟು ಎಂದು ಗೊತ್ತುಮಾಡಿಕೊಂಡಿದ್ದೇವೆ. ಮಳೆ ಹಿಡಿದ ಮೇಲೆ ತೇಗ ಉಬ್ಬಿ ಎಡಬದಿ ಮತ್ತೆ ಮೂರು ಮಿಲಿಮೀಟರ್ ಹೆಚ್ಚಾಗಿದೆ. ಶುಕ್ರವಾರ ಬೆಣೆಯ ಕೆಳಗಿನಿಂದ ಒಂದು ಟಿಕೆಟ್ ತೆಗೆದು ನೋಡಿದೆವು, ಒಂದು ಮಿಲಿಮೀಟರಿಗೆ ಇಳಿಯಿತು.